ಬೀಜಕ್ಕೂ ಮೊದಲು ಮಣ್ಣು

ಸಾವಯವ ಕೈತೋಟವೆಂದರೆ ಯೂರಿಯಾ ಹಾಕದ, ಔಷಧಿ ಹೊಡೆಯದ ತೋಟ ಎಂಬುದು ರೂಢಿಯ ವಿವರಣೆ. ಅದು ಅರ್ಧ ಮಾತ್ರ ಸರಿ. ಯೂರಿಯಾ ಹಾಕಿದಾಗ ಗಿಡಕ್ಕೆ ಸಾರಜನಕ ಬೇಗ ಸಿಗುತ್ತದೆ. ಮಣ್ಣು ಬೇರನ್ನು ಹಿಡಿದು ನಿಲ್ಲಿಸಿದರೂ ಸಾಕು, ಒಂದಿಷ್ಟು ಬೆಳೆ ಬಂದೇ ಬರುತ್ತದೆ. ಯೂರಿಯಾ ಬಿಟ್ಟ ದಿನದಿಂದ ಗಿಡಕ್ಕೆ ಉಣ್ಣಿಸುವ ಹೊಣೆಯೆಲ್ಲ ಮಣ್ಣೊಳಗಿನ ಬ್ಯಾಕ್ಟೀರಿಯಾ, ಶಿಲೀಂಧ್ರ, ಎರೆಹುಳುಗಳ ಮೇಲೆ ಬೀಳುತ್ತದೆ. ಅವಕ್ಕೆ ತಿನ್ನಲು ಕೊಳೆಯುವ ವಸ್ತು ಬೇಕು, ತೇವ ಬೇಕು, ಗಾಳಿ ಬೇಕು, ಬಿಸಿಲಿಗೆ ಮರೆ ಬೇಕು. ಇವು ಯಾವುವೂ ಇಲ್ಲದ ನೆಲದಲ್ಲಿ ರಾಸಾಯನಿಕವನ್ನಷ್ಟೇ ಬಿಟ್ಟರೆ ಗಿಡ ಉಪವಾಸ ಬೀಳುತ್ತದೆ. ಹೊಸದಾಗಿ ತೊಡಗಿದವರಲ್ಲಿ ಅನೇಕರು ಎರಡನೇ ಬೆಳೆಗೇ ಕೈಚೆಲ್ಲುವುದಕ್ಕೆ ಮುಖ್ಯ ಕಾರಣ ಇದೇ. ಬೀಜ ತರುತ್ತಾರೆ, ಕುಂಡ ತರುತ್ತಾರೆ, ಬೇವಿನೆಣ್ಣೆ ತರುತ್ತಾರೆ, ಮಣ್ಣನ್ನು ಮಾತ್ರ ಇದ್ದ ಹಾಗೇ ಬಿಡುತ್ತಾರೆ.

ಕನ್ನಡ ನಾಡಿನ ಹಳೆಯ ಮನೆಗಳ ಹಿತ್ತಿಲಲ್ಲಿ ತೋಟಕ್ಕಿಂತ ಮೊದಲು ತಿಪ್ಪೆ ಇರುತ್ತಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳ ಗುಡಿಸಿದ ತರಗು, ಅಡುಗೆಮನೆಯ ಸಿಪ್ಪೆ ಎಲ್ಲವೂ ಅಲ್ಲಿ ಸೇರಿ, ಮಾಗಿ, ಮಳೆಗಾಲಕ್ಕೆ ಮುಂಚೆ ಪಾತಿಗೆ ಬೀಳುತ್ತಿದ್ದವು. ಬಚ್ಚಲ ನೀರು ಹರಿಯುವ ದಾರಿಯಲ್ಲಿ ಬಾಳೆ, ಕೆಸು. ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ. ಬೇಲಿಯ ಮೇಲೆ ತೊಂಡೆ, ಚಪ್ಪರದವರೆ. ಉತ್ತರ ಕನ್ನಡದ ಅಡಿಕೆ ತೋಟಿಗರು ಒಂದೆಕರೆ ತೋಟದ ಗೊಬ್ಬರಕ್ಕಾಗಿ ಹಲವು ಎಕರೆ ಸೊಪ್ಪಿನ ಬೆಟ್ಟವನ್ನು ನೆಚ್ಚಿಕೊಂಡಿದ್ದರು. ಆ ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲ್ತುಳಿತಕ್ಕೆ ಸಿಕ್ಕಿ ಗೊಬ್ಬರವಾಗಿ ಅಡಿಕೆ ಬುಡ ಸೇರುತ್ತಿತ್ತು. ತೋಟದಿಂದ ಕಾಯಿ ಹೊರಗೆ ಹೋದಷ್ಟೂ ಸಾರ ಹೋಗುತ್ತದೆ, ಹೋದ ಸಾರ ಬೇರೆಲ್ಲಿಂದಲೋ ಬರಬೇಕು ಎಂಬ ಲೆಕ್ಕ ಆ ವ್ಯವಸ್ಥೆಯೊಳಗೇ ಇತ್ತು. ಇಂದು ಅರ್ಧ ಗುಂಟೆ, ಅಂದರೆ ಐನೂರು ಚದರಡಿ ಚಿಲ್ಲರೆ ಹಿತ್ತಿಲಿರುವವರೂ ಈ ಲೆಕ್ಕದಿಂದಲೇ ಶುರು ಮಾಡಬೇಕು.

ಮೊದಲು ತಿಳಿಯಬೇಕಾದದ್ದು ಕಾಲಡಿಯ ಮಣ್ಣು ಯಾವುದು ಎಂಬುದನ್ನು. ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಸೀಮೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಅಗೆಯಲು ಸುಲಭ. ಆದರೆ ಸಾರಜನಕವೂ ಸಾವಯವ ಅಂಶವೂ ಕಡಿಮೆ. ವಿಜಯಪುರ, ಗದಗ, ಧಾರವಾಡ, ರಾಯಚೂರು ಕಡೆಯ ಎರೆ ಮಣ್ಣು ಸಾರವನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಯಲ್ಲಿ ಉಬ್ಬಿ, ಬೇರಿಗೆ ಗಾಳಿಯಾಡದಂತೆ ಮಾಡುವುದು ಅದರ ತೊಡಕು. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಿಂದ ಜಡಿಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುವುದರಿಂದ ಅದು ಹುಳಿ ಮಣ್ಣು. ಒಂದೇ ಮದ್ದು ಎಲ್ಲ ಕಡೆ ನಡೆಯುವುದಿಲ್ಲ ಎಂಬುದಕ್ಕೆ ಒಲೆಯ ಬೂದಿ ಒಳ್ಳೆಯ ಉದಾಹರಣೆ. ಬೂದಿಯಲ್ಲಿ ಪೊಟ್ಯಾಷ್ ಜೊತೆ ಸುಣ್ಣದ ಗುಣವೂ ಇದೆ. ಶಿರಸಿಯ ಹುಳಿ ಮಣ್ಣಿಗೆ ಅದು ಹಿತ. ಮೊದಲೇ ಕ್ಷಾರದ ಕಡೆ ವಾಲಿರುವ ಗದಗಿನ ಎರೆಗೆ ಅದನ್ನು ಸುರಿಯುತ್ತಾ ಹೋದರೆ ಕಬ್ಬಿಣ, ಸತುವಿನಂಥ ಅಂಶಗಳು ಗಿಡಕ್ಕೆ ಸಿಗದೆ ಎಲೆ ಹಳದಿಗೆ ತಿರುಗುತ್ತದೆ.

ಇವೆಲ್ಲಕ್ಕಿಂತ ಕಷ್ಟದ್ದು ನಗರದ ಹೊಸ ಬಡಾವಣೆಯ ಮಣ್ಣು. ಪಾಯ ತೋಡಿದಾಗ ಮೇಲೆ ಬಂದ ತಳಮಣ್ಣು, ಇಟ್ಟಿಗೆ ಚೂರು, ಸಿಮೆಂಟಿನ ಉಳಿಕೆ, ಜಲ್ಲಿ ಎಲ್ಲ ಅಲ್ಲಿ ಬೆರೆತಿರುತ್ತವೆ. ಹಾರೆಗೆ ಸಿಗುವ ಚೂರುಪಾರುಗಳನ್ನು ಆರಿಸಿ ತೆಗೆಯದೆ, ಒಂದಡಿ ಆಳದವರೆಗೆ ಸಡಿಲಿಸದೆ ಅಲ್ಲಿ ಏನನ್ನು ನೆಟ್ಟರೂ ಸೊರಗುತ್ತದೆ. ಪಾತಿ ಮಾಡುವ ಜಾಗದಲ್ಲಿ ಎಂಟು ಹತ್ತು ಕಡೆ ಆರಂಗುಲ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟರೆ ರಸಸಾರ, ಸಾವಯವ ಇಂಗಾಲ, ಮುಖ್ಯ ಪೋಷಕಾಂಶಗಳ ವಿವರ ಸಿಗುತ್ತದೆ. ಅನೇಕ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಈ ಸೌಲಭ್ಯವಿದೆ. ವರದಿಯಲ್ಲಿ ಮೊದಲು ನೋಡಬೇಕಾದ ಸಂಖ್ಯೆ ಸಾವಯವ ಇಂಗಾಲದ್ದು. ಅದು ಶೇ. 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆ ಎಂದರ್ಥ, ಶೇ. 0.75 ದಾಟಿದ್ದರೆ ಚೆನ್ನಾಗಿದೆ. ನಮ್ಮ ಹವೆಯಲ್ಲಿ ಈ ಸಂಖ್ಯೆಯನ್ನು ಮೇಲೆ ಹಿಡಿದಿಡುವುದು ಸುಲಭವಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ ಸುಮಾರು ಇಮ್ಮಡಿಯಾಗುತ್ತದೆ. ಚಳಿದೇಶಗಳಲ್ಲಿ ವರ್ಷಗಟ್ಟಲೆ ಉಳಿಯುವ ಕೊಳೆತ ಎಲೆಯ ಸಾರ ಇಲ್ಲಿ ಬೇಗನೆ ಕರಗಿಹೋಗುತ್ತದೆ. ಹಾಗಾಗಿ ಒಮ್ಮೆ ಲಾರಿಯಲ್ಲಿ ಗೊಬ್ಬರ ತರಿಸಿ ಸುರಿದು ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಪ್ರತಿ ಬೆಳೆಗೂ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರಬೇಕು, ಅದಕ್ಕೆ ಮನೆಯಲ್ಲೇ ಒಂದು ಗೊಬ್ಬರದ ಮೂಲ ಇರಬೇಕು.

ಆ ಮೂಲ ಕಾಂಪೋಸ್ಟ್. ಜಗತ್ತು ಇಂದು ಬಳಸುವ ಕಾಂಪೋಸ್ಟ್ ವಿಧಾನಗಳಲ್ಲಿ ಎರಡು ಹುಟ್ಟಿದ್ದು ಭಾರತದಲ್ಲೇ. ಆಲ್ಬರ್ಟ್ ಹೋವರ್ಡ್ 1924ರ ನಂತರ ಇಂದೋರ್‌ನಲ್ಲಿ ಯಶವಂತ ವಾಡ್ ಜೊತೆ ರೂಪಿಸಿದ್ದು ಒಂದು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುತ್ತಾರೆ, ಮೂರು ತಿಂಗಳ ಸುಮಾರಿಗೆ ಗೊಬ್ಬರ ಸಿದ್ಧವಾಗುತ್ತದೆ. ಇನ್ನೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದರು. ಬೆಂಗಳೂರು ವಿಧಾನವೆಂದೇ ಅದು ಹೆಸರಾಗಿದೆ. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಕೆಲವು ದಿನಗಳ ಬಳಿಕ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತಾರೆ. ಮಗುಚುವ ಕೆಲಸವಿಲ್ಲ, ನೀರು ಹೆಚ್ಚು ಬೇಡ, ಸಾರಜನಕ ಹಾರಿಹೋಗುವುದೂ ಕಡಿಮೆ. ಆದರೆ ಮಾಗಲು ಆರರಿಂದ ಎಂಟು ತಿಂಗಳು ಬೇಕು. ನೀರಿನ ಕೊರತೆಯಿರುವ ಬಯಲುಸೀಮೆಯ ಹಿತ್ತಿಲಿಗೆ, ಬಿಡುವಿಲ್ಲದ ಮನೆಯವರಿಗೆ ಬೆಂಗಳೂರು ವಿಧಾನವೇ ಮೇಲು. ಇದು ಇಲ್ಲಿನ ನೆಲದಲ್ಲೇ ಹುಟ್ಟಿದ ವಿದ್ಯೆ ಎಂಬುದನ್ನು ಕೈತೋಟದ ತರಬೇತಿಗಳಲ್ಲಿ ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಬೇಗ ಗೊಬ್ಬರ ಬೇಕೆನ್ನುವವರು ಮೂರಡಿ ಉದ್ದ, ಅಗಲ, ಎತ್ತರದ ರಾಶಿ ಹಾಕಬೇಕು. ಅದಕ್ಕಿಂತ ಚಿಕ್ಕ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಕೊಳೆಸುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಬೇಕು. ಒಣಗಿದ ಎಲೆ, ಹುಲ್ಲು, ತೆಂಗಿನ ಗರಿಯ ಚೂರುಗಳಲ್ಲಿ ಇಂಗಾಲ ಹೆಚ್ಚು. ತರಕಾರಿ ಸಿಪ್ಪೆ, ಹಸಿ ಕಳೆ, ಸಗಣಿ, ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಸಾರಜನಕ ಹೆಚ್ಚು. ತೂಗಿ ನೋಡುವ ಅಗತ್ಯವಿಲ್ಲ, ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣಗಿದ್ದು ಎಂಬ ಅಂದಾಜು ಸಾಕು. ನಡುನಡುವೆ ಹಿಡಿ ಹಿಡಿ ಹಳೆಯ ಗೊಬ್ಬರವನ್ನೋ ತೋಟದ ಮಣ್ಣನ್ನೋ ಉದುರಿಸಿದರೆ ಜೀವಿಗಳ ಬೀಜ ಬಿತ್ತಿದಂತಾಗುತ್ತದೆ. ನಾಲ್ಕಾರು ದಿನಗಳಲ್ಲಿ ರಾಶಿಯ ಒಡಲು ಐವತ್ತೈದು ಅರವತ್ತು ಡಿಗ್ರಿ ಬಿಸಿಯಾಗುತ್ತದೆ, ಕಳೆಬೀಜಗಳೂ ರೋಗಾಣುಗಳೂ ಬಹುಪಾಲು ಸಾಯುವುದು ಆಗಲೇ. ನಾರುತ್ತಿದೆ ಎಂದರೆ ನೀರು ಹೆಚ್ಚಾಗಿ ಗಾಳಿ ಸಾಲದೆ ಹೋಗಿದೆ, ತರಗು ಬೆರೆಸಿ ಮಗುಚಬೇಕು. ವಾರ ಕಳೆದರೂ ಬಿಸಿಯೇ ಆಗಲಿಲ್ಲವೆಂದರೆ ಒಣಗಿದೆ ಅಥವಾ ಹಸಿರು ಕಡಿಮೆಯಾಗಿದೆ. ಹಿಡಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮಾಂಸ, ಎಣ್ಣೆಯ ಪದಾರ್ಥ, ನಾಯಿ ಬೆಕ್ಕಿನ ಮಲ, ನಂಜು ರೋಗ ತಗುಲಿದ ಗಿಡ ಇವು ಮನೆಯ ರಾಶಿಗೆ ಬೇಡ. ರಾಶಿ ಮೂರರಲ್ಲೊಂದು ಪಾಲಿಗೆ ಕುಗ್ಗಿ, ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಮಾಗಿದೆ.

ಚಳಿಗಾಲದ ಕೊನೆಗೆ ಊರೂರಿನ ಬೀದಿಗಳಲ್ಲಿ, ಲೇಔಟುಗಳಲ್ಲಿ ಎಲೆಯ ರಾಶಿಗೆ ಬೆಂಕಿಯಿಡುವ ಅಭ್ಯಾಸ ಇನ್ನೂ ನಿಂತಿಲ್ಲ. ಇದು ನಿಲ್ಲಲೇಬೇಕು. ಹೊಗೆ ಉಸಿರಿಗೆ ಕೇಡು. ಅದಕ್ಕಿಂತ ಹೆಚ್ಚಾಗಿ, ಮರ ಒಂದು ವರ್ಷ ಎಲೆಯಲ್ಲಿ ಕೂಡಿಟ್ಟ ಸಾರದಲ್ಲಿ ಇಂಗಾಲವೂ ಸಾರಜನಕವೂ ಅರ್ಧ ಗಂಟೆಯಲ್ಲಿ ಗಾಳಿಗೆ ಹೋಗುತ್ತವೆ, ಉಳಿಯುವುದು ಹಿಡಿ ಬೂದಿ. ಪಕ್ಕದ ಬೀದಿಯ ಹೊಂಗೆ, ಮಳೆಮರಗಳ ಕೆಳಗೆ ಬಿದ್ದ ಎಲೆಯನ್ನು ನಾಲ್ಕು ಚೀಲ ತುಂಬಿಸಿ ತಂದಿಟ್ಟುಕೊಂಡರೆ ಸಣ್ಣ ಮನೆಯ ತಿಂಗಳುಗಟ್ಟಲೆಯ ಹಸಿ ಕಸಕ್ಕೆ ಬೆರೆಸಲು ಸಾಕಾಗುತ್ತದೆ.

ಕೊಟ್ಟಿಗೆ ಗೊಬ್ಬರ ಸಿಗುವವರು ಅದನ್ನು ಮಾಗಿಸಿಯೇ ಬಳಸಬೇಕು. ಹಸಿ ಸಗಣಿ ಗೊಣ್ಣೆಹುಳಕ್ಕೂ ತೆಂಗಿನ ಕುರುವಾಯಿ ದುಂಬಿಗೂ ತವರು, ಹಸಿಯಾಗಿ ತಿನ್ನುವ ಸೊಪ್ಪಿಗೆ ತಾಗಿದರೆ ಹೊಟ್ಟೆಗೂ ಅಪಾಯ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಮಾತ್ರ. ಹೊಂಗೆ, ಬೇವಿನ ಹಿಂಡಿಗಳಲ್ಲಿ ನಾಲ್ಕರ ಆಸುಪಾಸು. ಆದ್ದರಿಂದ ಗೊಬ್ಬರವನ್ನು ಬುಟ್ಟಿಯಲ್ಲಿ, ಹಿಂಡಿಯನ್ನು ಹಿಡಿಯಲ್ಲಿ ಅಳೆಯುವ ಪದ್ಧತಿ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಹೊಸ ಪಾತಿಗೆ ಹದಿನೈದು ಕಿಲೋ ಮಾಗಿದ ಗೊಬ್ಬರವನ್ನೂ ಅರ್ಧ ಕಿಲೋ ಬೇವಿನ ಹಿಂಡಿಯನ್ನೂ ಮೇಲಿನ ಆರಂಗುಲದಲ್ಲಿ ಬೆರೆಸಿದರೆ ಒಳ್ಳೆಯ ಆರಂಭ.

ಜೀವಾಮೃತದ ವಿಚಾರದಲ್ಲಿ ಸ್ಪಷ್ಟತೆ ಬೇಕು. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಪ್ರಚುರಪಡಿಸಿದ, ಕರ್ನಾಟಕದಲ್ಲಿ ರೈತ ಸಂಘದ ಶಿಬಿರಗಳ ಮೂಲಕ ಹಬ್ಬಿದ ಈ ದ್ರವಕ್ಕೆ 200 ಲೀಟರ್ ನೀರು, ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಬೇಕು. ನೆರಳಲ್ಲಿಟ್ಟು ದಿನಕ್ಕೆರಡು ಬಾರಿ ಕಲಕಿದರೆ ಎರಡು ದಿನಗಳ ಬಳಿಕ ಬಳಸಬಹುದು. ಹಿತ್ತಿಲಿಗೆ ಇದರ ಹತ್ತರಲ್ಲೊಂದು ಪಾಲು ಸಾಕು. ಆದರೆ ಇಡೀ ಪೀಪಾಯಿಯಲ್ಲಿರುವ ಸಾರಜನಕ ಅರ್ಧ ಕಿಲೋ ಮೀರುವುದಿಲ್ಲ. ಒಂದು ಟನ್ ಟೊಮೆಟೊ ಬೆಳೆಯಲು ಗಿಡಗಳು ಎಳೆದುಕೊಳ್ಳುವುದು ಸುಮಾರು ಎರಡೂವರೆ ಕಿಲೋ. ಜೀವಾಮೃತ ಗೊಬ್ಬರವಲ್ಲ, ಹೆಪ್ಪು. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಮಣ್ಣಿನಲ್ಲಿ ಎಲೆ, ಗೊಬ್ಬರ, ಹೊದಿಕೆ ಇದ್ದರೆ ಮಾತ್ರ ಅದರ ಕೆಲಸ ಕಾಣುತ್ತದೆ.

ಇನ್ನು ಪಾತಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ತರಕಾರಿಗೆ ಬೇಕು. ತೆಂಗಿನ ನೆರಳಿನಲ್ಲಿ ಕೆಸು, ಶುಂಠಿ, ಅರಿಸಿನ, ಒಂದೆಲಗ, ದೊಡ್ಡಪತ್ರೆ ಹೊಂದಿಕೊಳ್ಳುತ್ತವೆ. ಎರಡು ಬದಿಯಿಂದಲೂ ಕೈ ನಡುವಿಗೆ ತಲುಪುವಂತೆ ಪಾತಿಯ ಅಗಲ ನಾಲ್ಕಡಿ ಮೀರಬಾರದು, ಒಮ್ಮೆ ಸಡಿಲಿಸಿದ ಮೇಲೆ ಅದರ ಮೇಲೆ ಕಾಲಿಡಬಾರದು. ಏರುಮಡಿಯೇ ಶ್ರೇಷ್ಠ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಅದು ನಿಜ, ಎರೆ ಮಣ್ಣಿನ ಮಳೆಗಾಲಕ್ಕೂ ನಿಜ. ಐನೂರು ಆರುನೂರು ಮಿಲಿಮೀಟರ್ ಮಳೆಯ ಚಿತ್ರದುರ್ಗದಂಥ ಕಡೆ ಬೇಸಿಗೆಯಲ್ಲಿ ಏರುಮಡಿ ನಾಲ್ಕೂ ಬದಿಯಿಂದ ಒಣಗುತ್ತದೆ. ಅಲ್ಲಿಗೆ ನೆಲಮಟ್ಟಕ್ಕಿಂತ ನಾಲ್ಕಂಗುಲ ತಗ್ಗಿನ ಪಾತಿಯೇ ಸರಿ.

ಪಾತಿ ಎಂಥದ್ದಾದರೂ ನೆಲ ಬೆತ್ತಲಾಗಿರಬಾರದು. ದೊಡ್ಡಬಳ್ಳಾಪುರದ ಬಳಿ ದಶಕಗಳ ಕಾಲ ಸಾವಯವ ಕೃಷಿ ಮಾಡಿ, ಸಾವಿರಾರು ಜನರಿಗೆ ಕಲಿಸಿ, 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರು ಹೊದಿಕೆಗೆ ಕೊಟ್ಟ ಒತ್ತು ದೊಡ್ಡದು. ಎರಡು ಮೂರು ಅಂಗುಲ ದಪ್ಪದ ತರಗು, ಒಣಹುಲ್ಲು, ಕಬ್ಬಿನ ರವದಿ ಯಾವುದಾದರೂ ಆದೀತು. ಅದು ಬಿಸಿಲಿನ ಕಾವು ತಡೆಯುತ್ತದೆ, ಮಳೆಹನಿಯ ಹೊಡೆತಕ್ಕೆ ಮಣ್ಣು ಗಟ್ಟಿಯಾಗದಂತೆ ಕಾಯುತ್ತದೆ, ಕಳೆಯನ್ನು ಅಡಗಿಸುತ್ತದೆ, ಕೊನೆಗೆ ತಾನೇ ಕೊಳೆತು ಎರೆಹುಳುವಿಗೆ ಮೇವಾಗುತ್ತದೆ. ಸಸಿ ನಾಲ್ಕೆಲೆ ಬಿಟ್ಟ ಮೇಲೆ ಹೊದಿಸುವುದು, ಕಾಂಡಕ್ಕೆ ತಾಗದಂತೆ ಎರಡಂಗುಲ ಬಿಡುವುದು, ಇಷ್ಟೇ ನಿಯಮ.

ಏನು ಬೆಳೆಯಬೇಕು ಎಂಬ ಪ್ರಶ್ನೆಗೆ ಉತ್ತರ ಮನೆಯ ಅಡುಗೆಯಲ್ಲಿದೆ. ಮೊದಲ ವರ್ಷವೇ ಬ್ರೊಕೊಲಿ, ಲೆಟ್ಯೂಸ್, ಸ್ಟ್ರಾಬೆರಿಯ ಕಡೆ ಹೋಗುವುದು ಶ್ರಮಕ್ಕೆ ತಕ್ಕ ಫಲ ಕೊಡುವುದಿಲ್ಲ. ಸೊಪ್ಪಿನಿಂದ ಶುರು ಮಾಡುವುದು ಜಾಣತನ. ಹರಿವೆ, ದಂಟು, ಮೆಂತ್ಯ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ, ರೋಗ ಕಡಿಮೆ, ಮಣ್ಣು ಹೇಗಿದೆ ಎಂಬುದನ್ನೂ ಬೇಗ ತಿಳಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಪುಂಡಿ, ರಾಜಗಿರಿ, ಕರಾವಳಿಯಲ್ಲಿ ಬಸಳೆ ಇದೇ ಸಾಲಿನವು. ಇವುಗಳ ಜೊತೆಗೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳಿಗೆ ಬೇಲಿಯ ಬದಿಯಲ್ಲಿ ಜಾಗ ಮಾಡಬೇಕು. ನುಗ್ಗೆ, ಕರಿಬೇವು, ಚಕ್ರಮುನಿ, ತೊಂಡೆ, ನಿಂಬೆ, ಎರಡು ಬಾಳೆ, ಒಂದು ಪಪ್ಪಾಯಿ. ಹಿತ್ತಿಲು ಮನೆಗೆ ಆಸರೆಯಾಗುವುದು ಮುಖ್ಯವಾಗಿ ಇವುಗಳಿಂದ. ತರಕಾರಿಗಳು ಋತುವಿನ ಅತಿಥಿಗಳು.

ಮುಂಗಾರಿನಲ್ಲಿ ಬೆಂಡೆ, ಬದನೆ, ಅಲಸಂದೆ, ಹೀರೆ, ಸೋರೆ, ಹಾಗಲ, ಪಡವಲ. ಚಳಿಗಾಲದಲ್ಲಿ ಮೂಲಂಗಿ, ಗಜ್ಜರಿ, ಪಾಲಕ್, ಕೊತ್ತಂಬರಿ, ಬೀನ್ಸ್, ಟೊಮೆಟೊ. ಬೇಸಿಗೆಯಲ್ಲಿ ಹರಿವೆ, ಸೌತೆ, ಗೋರಿಕಾಯಿ. ಋತು ತಪ್ಪಿದರೆ ಕೆಲವು ಗಿಡ ಬೆಳೆದರೂ ಕಾಯಿ ಕೊಡುವುದಿಲ್ಲ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವ ಗಿಡ. ಫೆಬ್ರುವರಿಯಲ್ಲಿ ಬಿತ್ತಿದರೆ ಹಂದರ ತುಂಬ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಬರುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಬಿತ್ತಿದ್ದು ಸೊಗಡಿನ ಕಾಯಿ ಕೊಡುವುದು ಡಿಸೆಂಬರ್ ಜನವರಿಯಲ್ಲಿ. ಈ ಕಟ್ಟನ್ನು ಮೀರಲೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ 3, 4 ಎಂಬ ತಳಿಗಳನ್ನು ಕೊಟ್ಟಿತು. ಅವು ಯಾವ ಕಾಲದಲ್ಲೂ ಹೂ ಬಿಡುತ್ತವೆ. ತಳಿಯ ಆಯ್ಕೆ ಎಷ್ಟೋ ಔಷಧಿಯನ್ನು ತಪ್ಪಿಸುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹಳದಿ ನಂಜು ರೋಗವನ್ನು ತಾಳಿಕೊಳ್ಳುವ ಗುಣಕ್ಕಾಗಿಯೇ ಹೆಸರಾದದ್ದು.

ಬಳ್ಳಿ ತರಕಾರಿ ಬೆಳೆದವರೆಲ್ಲ ಕೇಳುವ ಪ್ರಶ್ನೆ ಒಂದಿದೆ: ಹೂ ಬಿಡುತ್ತದೆ, ಉದುರುತ್ತದೆ, ಕಾಯಿ ಕಟ್ಟುವುದಿಲ್ಲ, ಏನು ಕೊರತೆ? ಎಷ್ಟೋ ಬಾರಿ ಕೊರತೆ ಏನೂ ಇರುವುದಿಲ್ಲ. ಸೋರೆ, ಹೀರೆ, ಕುಂಬಳಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಮೊದಲ ಒಂದೆರಡು ವಾರ ಬರುವುದು ಬಹುಪಾಲು ಗಂಡು ಹೂಗಳೇ, ಅವು ಉದುರಲೇಬೇಕು. ಹೆಣ್ಣು ಹೂವಿನ ಬುಡದಲ್ಲಿ ಸಣ್ಣ ಪೀಚು ಇರುತ್ತದೆ. ಆ ಪೀಚು ಹಳದಿಯಾಗಿ ಉದುರುತ್ತಿದ್ದರೆ ಮಾತ್ರ ಪರಾಗ ಸೇರಿಲ್ಲವೆಂದು ಅನುಮಾನಿಸಬೇಕು. ಕುಂಬಳದ ಹೂ ಅರಳುವುದು ನಸುಕಿನಲ್ಲಿ, ಹೀರೆ ಮತ್ತು ಸೋರೆಯದು ಸಂಜೆ. ಅದೇ ಹೊತ್ತಿಗೆ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿದರೆ ಕಾಯಿ ನಿಲ್ಲುತ್ತದೆ. ಇಲ್ಲಿ ಗೊಬ್ಬರ ಹೆಚ್ಚು ಹಾಕಿದರೆ ಎಲೆ ಹೆಚ್ಚುತ್ತದೆ, ಕಾಯಿಯಲ್ಲ.

ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹೂಳಬಾರದು. ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜ ಮುಂದಿನ ಬೆಳೆಯಲ್ಲಿ ಅದೇ ಗುಣ ಕೊಡುವುದಿಲ್ಲ, ಆದ್ದರಿಂದ ಹಿತ್ತಿಲಿಗೆ ನಾಟಿ ತಳಿ ಅಥವಾ ಸಂಸ್ಥೆಗಳ ಸುಧಾರಿತ ತಳಿ ಮೇಲು. ಅವರೆ, ಅಲಸಂದೆ, ಟೊಮೆಟೊ ಬಹುಮಟ್ಟಿಗೆ ತಮ್ಮ ಪರಾಗವನ್ನೇ ಬಳಸುವುದರಿಂದ ಬೀಜ ಮಾಡಿಕೊಳ್ಳುವುದು ಸುಲಭ. ಬಳ್ಳಿ ತರಕಾರಿಗಳ ತಳಿ ಜೇನಿನ ಓಡಾಟದಿಂದ ಬೆರೆತುಹೋಗುತ್ತದೆ. ಮಲೆನಾಡಿನ ಹೆಂಗಸರು ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಟ್ಟು, ಮಗಳ ಮನೆಗೂ ನೆರೆಮನೆಗೂ ಹಂಚಿ ನೂರಾರು ತಳಿ ಉಳಿಸಿದ್ದಾರೆ. ಶಿರಸಿಯ ವನಸ್ತ್ರೀ ಬಳಗ ಈ ಹಿತ್ತಿಲ ಬೀಜಗಳನ್ನೇ ಹಿಡಿದು ಕೆಲಸ ಮಾಡುತ್ತಿದೆ. ಉಡುಪಿಯ ಮಟ್ಟುಗುಳ್ಳ, ಮೈಸೂರಿನ ಈರನಗೆರೆ ಬದನೆಯಂಥ ತಳಿಗಳು ಊರಿನ ಹೆಸರು ಹೊತ್ತು ಉಳಿದಿರುವುದೂ ಬೆಳೆದವರು ಬೀಜ ಎತ್ತಿಟ್ಟಿದ್ದರಿಂದ.

ಬಿರುಬೇಸಿಗೆಯಲ್ಲಿ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು, ಹೊದಿಕೆ ಇದ್ದರೆ ಇನ್ನೂ ಕಡಿಮೆ. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತದೆ. ಅದನ್ನು ಚರಂಡಿಗೆ ಬಿಟ್ಟು ಕೊಳವೆಬಾವಿಯ ನೀರು ಹಾಯಿಸುವುದು ನ್ಯಾಯವಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಯಾವ ಗಿಡಕ್ಕೂ ಒಳ್ಳೆಯದು. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ ಇರುವುದರಿಂದ ಸೊಪ್ಪಿನ ಪಾತಿಗೆ ಬೇಡ. ಬಕೆಟ್, ಕುಂಡದಡಿಯ ತಟ್ಟೆಗಳಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ, ವಾರಕ್ಕೊಮ್ಮೆಯಾದರೂ ಬರಿದು ಮಾಡಬೇಕು.

ಹುಳುಗಳ ವಿಚಾರಕ್ಕೆ ಬಂದಾಗ ಕರ್ನಾಟಕದವರಿಗೆ ಎಂಡೋಸಲ್ಫಾನ್ ನೆನಪಾಗದಿರದು. ದಕ್ಷಿಣ ಕನ್ನಡದ, ನೆರೆಯ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷ ಹಲವು ಊರುಗಳ ಮಕ್ಕಳ ಬದುಕನ್ನು ಬಾಧಿಸಿತು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಮಾರುಕಟ್ಟೆಯ ತರಕಾರಿಯ ಬಗ್ಗೆ ಜನರಿಗಿರುವ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಾಗೆಂದು ಗಿಡಮೂಲದ್ದೆಲ್ಲ ನಿರಪಾಯವೂ ಅಲ್ಲ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಮನುಷ್ಯನಿಗೂ ಜೇನಿಗೂ ನಂಜು. ಮನೆಯ ಹಿತ್ತಿಲಿಗೆ ಅದು ಸಲ್ಲದು.

ಸಾವಯವ ತೋಟದಲ್ಲಿ ಹುಳು ಇರುತ್ತದೆ, ಇರಬೇಕು. ಅಲಸಂದೆಯ ಕುಡಿಗೆ ಹೇನು ಮುತ್ತಿದ ಕೆಲವು ದಿನಗಳಲ್ಲಿ ಗುಲಗಂಜಿ ಹುಳು ಬಂದು ಮೊಟ್ಟೆಯಿಡುತ್ತದೆ. ಅದರ ಮರಿ ಉದ್ದಕ್ಕೆ, ಕಪ್ಪಗೆ, ಮುಳ್ಳುಮುಳ್ಳಾಗಿ ಇರುವುದರಿಂದ ಅದನ್ನೇ ಕೀಟವೆಂದು ಹೊಸಕಿಹಾಕುವವರಿದ್ದಾರೆ. ಆ ಒಂದು ಮರಿ ನೂರಾರು ಹೇನು ತಿನ್ನಬಲ್ಲದು. ಕಾದರೂ ಹೇನು ಇಳಿಯದಿದ್ದರೆ ನೀರನ್ನು ಜೋರಾಗಿ ಚಿಮ್ಮಿಸಬೇಕು, ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪು ಕದಡಿ ಎಲೆಯ ಅಡಿಗೂ ತಾಗುವಂತೆ ಸಂಜೆ ಸಿಂಪಡಿಸಬೇಕು. ಸಂಜೆಯೇ ಏಕೆಂದರೆ ಬಿಸಿಲಿಗೆ ಬೇವಿನ ಗುಣ ಬೇಗ ಕಳೆಯುತ್ತದೆ, ಜೇನು ಗೂಡು ಸೇರಿರುವುದೂ ಆ ಹೊತ್ತಿಗೆ. ಹೀರೆ, ಹಾಗಲದ ಕಾಯಿಯೊಳಗೆ ಹುಳುವಾಗುವುದು ಹಣ್ಣುನೊಣದಿಂದ. ಅದಕ್ಕೆ ಸಿಂಪಡಣೆ ನಾಟುವುದಿಲ್ಲ. ಎಳೆಗಾಯಿಗೆ ಕಾಗದದ ಚೀಲ ಕಟ್ಟಬೇಕು, ಉದುರಿದ ಕಾಯಿಯನ್ನು ಅಲ್ಲೇ ಬಿಡದೆ ನೀರಿನಲ್ಲಿ ಮುಳುಗಿಸಿ ಹುಳುವನ್ನು ಕೊಲ್ಲಬೇಕು. ಬೆಂಡೆಯ ಎಲೆನರ ಹಳದಿಯಾದರೆ ಅದು ಬಿಳಿನೊಣ ತಂದ ನಂಜು, ಮದ್ದಿಲ್ಲ. ಆ ಗಿಡವನ್ನು ಕಿತ್ತು ತೆಗೆಯುವುದೇ ಉಳಿದ ಗಿಡಗಳಿಗೆ ರಕ್ಷೆ. ಒಂದೇ ಪಾತಿಯಲ್ಲಿ ಬದನೆಯ ನಂತರ ಟೊಮೆಟೊ, ಆಮೇಲೆ ಮೆಣಸಿನಕಾಯಿ ನೆಟ್ಟರೆ ಮೂರೂ ಒಂದೇ ಕುಲದವಾದ್ದರಿಂದ ರೋಗ ಅಲ್ಲೇ ಬೀಡುಬಿಡುತ್ತದೆ. ನಡುವೆ ಅಲಸಂದೆಯೋ ಸೊಪ್ಪೋ ಬರಬೇಕು.

ಹಿತ್ತಿಲೇ ಇಲ್ಲದವರಿಗೆ ತಾರಸಿ ಇದೆ. ಬೆಂಗಳೂರಿನಲ್ಲಿ ತಾರಸಿ ತೋಟವನ್ನು ಜನರ ಕೈಗೆ ತಲುಪಿಸಿದವರಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಪ್ರಮುಖರು. ಅಲ್ಲಿ ಮರೆಯಬಾರದ್ದು ತೂಕ. ನೆನೆದ ಮಣ್ಣು ಘನ ಅಡಿಗೆ ನಲವತ್ತೈದು ಐವತ್ತು ಕಿಲೋ ತೂಗುತ್ತದೆ. ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿಯನ್ನು ಸಮಪಾಲಿನಲ್ಲಿ ಬೆರೆಸಿದರೆ ಭಾರ ಇಳಿಯುತ್ತದೆ. ದೊಡ್ಡ ಕುಂಡಗಳನ್ನು ತೊಲೆಯ ಮೇಲೆ, ಗೋಡೆಯ ಅಂಚಿಗೆ ಇಡಬೇಕು.

ಕೋಳಿ, ಹಸು, ಜೇನು ಸೇರಿದಾಗ ಹಿತ್ತಿಲ ಬದುಕು ತುಂಬುತ್ತದೆ ಎಂಬುದು ನಿಜ, ಆದರೆ ಮೊದಲ ವರ್ಷಕ್ಕೆ ಅವು ಬೇಡ. ಹಸು ಎಂದರೆ ದಿನಕ್ಕೆರಡು ಹೊತ್ತಿನ ದುಡಿಮೆ, ವರ್ಷವಿಡೀ ಮೇವು. ಅರ್ಧ ಗುಂಟೆಯ ತೋಟಕ್ಕೆ ಬೇಕಾದ ಸಗಣಿಯನ್ನು ಹಸು ಸಾಕುವವರಿಂದ ಕೊಳ್ಳುವುದೇ ಸರಿ. ಎರಡನೇ ವರ್ಷ ನಾಲ್ಕೈದು ನಾಟಿ ಕೋಳಿಯನ್ನೋ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜವನ್ನೋ ಸಾಕಬಹುದು. ಕೊಕ್ಕರೆ ರೋಗದ ಲಸಿಕೆ, ಮುಂಗುಸಿ ನುಗ್ಗದ ಗೂಡು ಎರಡೂ ಮೊದಲೇ ಆಗಬೇಕು. ಕೋಳಿಗೊಬ್ಬರ ತೀಕ್ಷ್ಣವಾದದ್ದು, ರಾಶಿಯಲ್ಲಿ ಮಾಗಿಸದೆ ಹಾಕಿದರೆ ಬೇರು ಸುಡುತ್ತದೆ. ತುಡುವೆ ಜೇನನ್ನು ಕಲಿಯದೆ ಸಾಕಬಾರದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತ್ತು, ಈಗಲೂ ಅದು ಮರುಕಳಿಸುವುದುಂಟು. ಜೇನುಪೆಟ್ಟಿಗೆ ಇಲ್ಲದಿದ್ದರೂ ತುಳಸಿ, ಸಬ್ಬಸಿಗೆ, ಚೆಂಡುಹೂವಿನ ನಾಲ್ಕು ಗಿಡವಿದ್ದರೆ ಜೇನು ತಾನಾಗಿ ಬರುತ್ತದೆ.

ಅರ್ಧ ಗುಂಟೆ ಒಂದು ಸಂಸಾರದ ಊಟವನ್ನೆಲ್ಲ ಕೊಡಲಾರದು. ರಾಗಿ, ಅಕ್ಕಿ, ಬೇಳೆ ಹೊಲದಿಂದಲೇ ಬರಬೇಕು. ಸೊಪ್ಪು, ಕರಿಬೇವು, ನಿಂಬೆ, ಮೆಣಸಿನಕಾಯಿ, ನುಗ್ಗೆಯನ್ನು ಹೆಚ್ಚುಕಡಿಮೆ ಕೊಳ್ಳದೆ ಇರುವಷ್ಟು, ಋತುವಿಗೆ ತಕ್ಕ ಒಂದೆರಡು ತರಕಾರಿ ಬಡಿಸುವಷ್ಟು ಮಾತ್ರ ಅದು ಖಂಡಿತ ಕೊಡುತ್ತದೆ. ಮೊದಲ ವರ್ಷ ಎರಡೇ ಪಾತಿ, ಒಂದೇ ಗೊಬ್ಬರದ ರಾಶಿ, ಬೇಲಿಯ ಬದಿಗೆ ನಾಲ್ಕು ಗಿಡ ಸಾಕು. ಫೆಬ್ರುವರಿ ಮಾರ್ಚ್‌ನಲ್ಲಿ ಮರಗಳು ಎಲೆ ಉದುರಿಸುವಾಗ ಹಾಕಿ ಮಗುಚುತ್ತಾ ಬಂದ ರಾಶಿ ಮೇ ಕೊನೆಯ ರೋಹಿಣಿ ಮಳೆಯ ಹೊತ್ತಿಗೆ ಮಾಗಿ, ಮುಂಗಾರಿನ ಪಾತಿಗೆ ಸಿದ್ಧವಾಗಿರುತ್ತದೆ.